ಅತ್ತೆಯ ಕೈಯ ವಿಭೂತಿ

ನಮ್ಮ ಅತ್ತೆಯ ಬಲಗೈಯ ಮೂರು ಬೆರಳ ತುದಿಗಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ಮುದ್ದೆ ತೊಳಸಿ, ಪಾತ್ರೆ ತಿಕ್ಕಿ ಬಂದರೂ ಉಗುರಿನ ಸಂದಿಯ ಬಿಳುಪು ಹೋಗುತ್ತಿರಲಿಲ್ಲ. ಶಾಂತಿಗ್ರಾಮದ ನಮ್ಮ ಬೀದಿಯಲ್ಲಿ ಯಾರ ಮಗು ರಚ್ಚೆ ಹಿಡಿದರೂ ಆ ಬೆರಳುಗಳ ಹತ್ತಿರವೇ ತರುತ್ತಿದ್ದರು. ಆಗತಾನೇ ಹುಟ್ಟಿದ ಕರುವಿನ ಹಣೆಗೂ ಮೂರು ಪಟ್ಟೆ, ನನ್ನ ಗಂಡ ತಂದ ಹೊಸ ಬೈಕಿನ ಹೆಡ್‌ಲೈಟಿಗೂ ಮೂರು ಪಟ್ಟೆ.

ಅಂಗಡಿಯ ವಿಭೂತಿ ಅವರಿಗೆ ಆಗುತ್ತಿರಲಿಲ್ಲ. "ಅದು ಸುಣ್ಣದ ಪುಡಿ ಕಣವ್ವ" ಎಂದು ಮೂಗು ಮುರಿಯುತ್ತಿದ್ದರು. ಶಿವರಾತ್ರಿಗೆ ಮುಂಚೆ ಮನೆಯ ಹಸುವಿನ ಸಗಣಿಯನ್ನು ಉಂಡೆ ಕಟ್ಟಿ ಒಣಗಿಸಿ, ಹಿತ್ತಲಲ್ಲಿ ಭತ್ತದ ಹೊಟ್ಟಿನ ನಡುವೆ ಗುಡ್ಡೆ ಹಾಕಿ ಬೆಂಕಿ ಇಡುವರು. ಅದು ಮೂರು ದಿನ ಒಳಗೊಳಗೇ ಬೇಯಬೇಕು. ಆಮೇಲೆ ಬೂದಿಯನ್ನು ಬಟ್ಟೆಯಲ್ಲಿ ಸೋಸಿ, ನೀರಲ್ಲಿ ಕಲಸಿ ಗಟ್ಟಿ ಕಟ್ಟುವರು. "ಸಗಣಿ ಸುಟ್ರೆ ಬೂದಿ. ಒಳಗೆ ಕರಿ ಉಳೀದಂಗೆ ಸುಟ್ರೆ ಈಬತ್ತಿ. ಅಣೆಗಿಕ್ಕಂಡಾಗ ಅದು ಗ್ಯಾಪ್ಕ ಬರ್ಬೇಕು" ಎನ್ನುತ್ತಿದ್ದರು.

ಈ ಕೆಲಸಕ್ಕೆ ಅವರು ಜೊತೆಗೆ ಕೂರಿಸಿಕೊಂಡಿದ್ದು ನನ್ನ ವಾರಗಿತ್ತಿಯನ್ನು, ಮೈದುನನ ಹೆಂಡತಿಯಾಗಿ ನುಗ್ಗೇಹಳ್ಳಿಯಿಂದ ಬಂದವಳನ್ನು. ನಾನು ಹಿರಿಸೊಸೆ, ಹಾಸನದವಳು, ಟೀಚರ್. ಸೆರಗು ಸಿಕ್ಕಿಸಿ ಹಿತ್ತಲಿಗೆ ಹೋದರೆ, "ನಿಂಗೆ ಇಸ್ಕೂಲೈತೆ, ನೀನೋಗವ್ವ. ಇದ್ನ ಅವ್ಳು ನೋಡ್ಕತಾಳೆ" ಎನ್ನುವರು. ಪ್ರೀತಿಯಿಂದಲೇ ಹೇಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಭಾನುವಾರ ಯಾವ ಸ್ಕೂಲು? ಅವರಿಬ್ಬರೂ ಬೂದಿ ಸೋಸುತ್ತಾ ನಗುವುದು ಅಡುಗೆಮನೆಗೆ ಕೇಳಿಸಿದರೆ ನಾನು ಬೇಕೆಂದೇ ಪಾತ್ರೆಗಳನ್ನು ಕುಕ್ಕುತ್ತಿದ್ದೆ.

ಒಂದು ವರ್ಷ ಅತ್ತೆಗೆ ಮಂಡಿನೋವು. ವಾರಗಿತ್ತಿ ಒಬ್ಬಳೇ ಗುಡ್ಡೆ ಹಾಕಿದಳು. ಎರಡನೆಯ ದಿನ ಬೆಳಿಗ್ಗೆ ಅವಳು ಡೇರಿಗೆ ಹಾಲು ಹಾಕಲು ಹೋದಾಗ, ನಾನು ಕೋಲು ತೆಗೆದುಕೊಂಡು ಅದನ್ನು ಕೆದಕಿಬಿಟ್ಟೆ. ನಡುವೆ ಕೆದಕಿದರೆ ಅರೆಬೆಂದು ಕಪ್ಪಾಗುತ್ತದೆಂದು ಗೊತ್ತಿದ್ದೇ ಕೆದಕಿದೆ. ಆ ಸಲದ ಗಟ್ಟಿಗಳು ಮಂಕಾಗಿ, ಮಸಿ ಬೆರೆತಂತೆ ಬಂದವು. ವಾರಗಿತ್ತಿ ಅತ್ತಳು. ಅತ್ತೆ ಹಿತ್ತಲ ಗೋಡೆಗೆ ಒರಗಿಸಿದ್ದ ಕೋಲಿನ ಸುಟ್ಟ ತುದಿ ನೋಡಿದರು, ನನ್ನ ಮುಖ ನೋಡಿದರು. "ಹೊಟ್ಟು ಅಸಿ ಇತ್ತೇನೋ, ಬುಡು" ಎಂದು ಅವಳನ್ನು ಸಮಾಧಾನ ಮಾಡಿದರು. ಇಡೀ ವರ್ಷ ಆ ಮಂಕು ವಿಭೂತಿಯನ್ನೇ ಹಣೆಗೆ ಧರಿಸಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಹೋದ ವರ್ಷ ಅತ್ತೆ ತೀರಿಕೊಂಡರು. ನಮ್ಮ ಪದ್ಧತಿಯಂತೆ ಸಮಾಧಿಯೊಳಗೆ ವಿಭೂತಿ ಗಟ್ಟಿಗಳನ್ನಿಟ್ಟು ಮಣ್ಣು ಮಾಡಿದೆವು. ಎಲ್ಲವೂ ವಾರಗಿತ್ತಿಯ ಕೈಯವು. ಮನೆಗೆ ಬಂದ ಮೇಲೆ ತಡೆಯಲಾರದೆ ಅವಳ ಮುಂದೆ ತಪ್ಪು ಒಪ್ಪಿಕೊಂಡೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಅತ್ತೆ ಅವತ್ತೇ ಯೇಳಿದ್ರು ಕಣಕ್ಕ. 'ದೊಡ್ಡೋಳ್ನ ಏನೂ ಅನ್ಬ್ಯಾಡ. ಅವ್ಳನ್ನೂ ಜತೇಲಿ ಕೂರಿಸ್ಕಬೇಕಿತ್ತು, ತಪ್ಪು ನಂದೇ' ಅಂದ್ರು."

ಗೋಡೆಗೆ ಒರಗಿ ಅತ್ತುಬಿಟ್ಟೆ. ಅಳುವಾಗಲೂ ನನ್ನ ಹೊಟ್ಟೆಕಿಚ್ಚು ಸುಮ್ಮನಿರಲಿಲ್ಲ. ಆ ಒಂದು ಮಾತನ್ನಾದರೂ ಅತ್ತೆ ನನಗೆ ಹೇಳಬಹುದಿತ್ತು. ಅದನ್ನೂ ಅವಳಿಗೇ ಹೇಳಿ ಹೋದರು.