ನೀಲಿ ಬಾನೆಟ್ಟು, ಎದುರುಮನೆ ಯಜಮಾನರು

ಹೋದ ತಿಂಗಳು ಕಾರಿನ ಶೋರೂಮಿನಲ್ಲಿ ಕೂತಿದ್ದೆವು. ಕಾಗದಪತ್ರಗಳಿಗೆ ಸಹಿ ಹಾಕುವ ಕೆಲಸ ಮುಗಿದಿತ್ತು. ಅಲ್ಲಿನ ಹೆಣ್ಣುಮಗಳೊಬ್ಬಳು ಹೊಸ ಕಾರಿನ ಬಣ್ಣ ಕಾಪಾಡುವುದು ಹೇಗೆಂದು ವಿವರಿಸುತ್ತಾ ಒಂದು ಚಪ್ಪಟೆ ಡಬ್ಬಿಯ ಮುಚ್ಚಳ ತಿರುಗಿಸಿ ನನ್ನ ಮುಂದೆ ಹಿಡಿದಳು. ಒಳಗೆ ಹಳದಿ ಮೇಣ. ಸ್ವಲ್ಪ ಸೀಮೆಎಣ್ಣೆ, ಸ್ವಲ್ಪ ಕಳಿತ ಬಾಳೆಹಣ್ಣು, ಸ್ವಲ್ಪ ಹೊಸ ಚಪ್ಪಲಿ… ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಅವಳ ಮಾತು ನನಗೆ ಕೇಳಿಸುವುದೇ ನಿಂತುಹೋಯಿತು. ನೆನಪಾದವರು ನಮ್ಮ ಎದುರುಮನೆ ಯಜಮಾನರು.

ತೊಂಬತ್ತರ ದಶಕದ ಕೊನೆಯ ಮಾತು. ನಾವು ಆಗತಾನೇ ಚಾಮುಂಡಿ ಬೆಟ್ಟದ ಬುಡದ ವಿದ್ಯಾರಣ್ಯಪುರಂಗೆ ಮನೆ ಬದಲಾಯಿಸಿದ್ದೆವು. ನಾನು ಹತ್ತಿರದ ಶಾಲೆಯೊಂದರಲ್ಲಿ ಟೀಚರು. ಎದುರುಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಯಜಮಾನರು ರೈಲ್ವೆ ಕಾರ್ಖಾನೆಯಲ್ಲಿ ಬೋಗಿಗಳಿಗೆ ಬಣ್ಣ ಹೊಡೆಯುವ ಕೆಲಸ ಮಾಡಿ ನಿವೃತ್ತರಾದವರು. ಎತ್ತರದ, ತೆಳ್ಳನೆಯ ಆಳು. ಬಿಳಿ ಪಂಚೆ, ತೋಳಿಲ್ಲದ ಬನಿಯನ್ನು. ಬೆಳಗ್ಗೆಯಿಂದ ಸಂಜೆಯವರೆಗೆ ಜಗುಲಿಯ ಕಬ್ಬಿಣದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಮೊದಮೊದಲು ನನಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೇ. ಗೇಟಿನ ಬಳಿ ನಿಂತು ಕೈ ಜೋಡಿಸಿ ನಮಸ್ಕಾರ ಮಾಡಿದರೆ ಕಲ್ಲಿನ ಹಾಗೆ ಕೂತಿರುತ್ತಿದ್ದರು. ಬಾಯಿಬಿಟ್ಟು "ಚೆನ್ನಾಗಿದ್ದೀರಾ" ಎಂದರೆ ಮಾತ್ರ ಎದ್ದು ನಿಂತು, ಮುಖ ತುಂಬ ನಕ್ಕು, ಮನೆಮಂದಿಯನ್ನೆಲ್ಲ ವಿಚಾರಿಸುತ್ತಿದ್ದರು. ಇದೆಂಥ ಜಂಬವಪ್ಪಾ ಎಂದುಕೊಂಡಿದ್ದೆ. ಅವರ ಹೆಂಡತಿಯಂತೂ ಸದಾ ಅವರ ಮೊಣಕೈ ಹಿಡಿದೇ ಇರುತ್ತಿದ್ದರು. ತರಕಾರಿಗೆ ಹೋಗಬೇಕಾದರೂ ಇಬ್ಬರೂ ಜೊತೆಗೇ. ಈ ವಯಸ್ಸಲ್ಲೂ ಎಂಥ ಅನ್ಯೋನ್ಯ ಎಂದು ಬೀದಿಯ ಹೆಂಗಸರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಆ ವರ್ಷ ದಸರಾ ಹತ್ತಿರ ಬಂದಾಗ ನಮ್ಮ ಮನೆಗೆ ಕಾರು ಬಂತು. ಹನ್ನೊಂದು ವರ್ಷ ಒಂದೇ ಸ್ಕೂಟರಿನಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು ಓಡಾಡಿದ್ದೆವು. ಮಳೆ ಬಂದರೆ ಚಿಕ್ಕವಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂರುತ್ತಿದ್ದೆ. ನನ್ನ ಯಜಮಾನರಿಗೆ ಬಣ್ಣದ ಮೇಲೆ ಹಟ. ಬಿಳಿ ಕಾರು ತಕ್ಷಣ ಸಿಗುತ್ತದೆ ಎಂದರೂ ಕಡುನೀಲಿಯೇ ಬೇಕೆಂದು ತಿಂಗಳುಗಟ್ಟಲೆ ಕಾದರು. ಕಾರು ಬಂದ ಮೂರನೆಯ ದಿನಕ್ಕೆ ಆಫೀಸಿನವರು ಅವರನ್ನು ಧಾರವಾಡಕ್ಕೆ ಟ್ರೈನಿಂಗಿಗೆ ಕಳಿಸಿದರು. ಹೋಗುವಾಗ ಕೀ ನನ್ನ ಕೈಲಿಟ್ಟು, "ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಇಡು, ಸಾಕು. ಆಯುಧಪೂಜೆ ಹೊತ್ತಿಗೆ ಬಂದುಬಿಡ್ತೀನಿ" ಎಂದರು. ನಾನು ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡಿದ್ದೆ. ಆದರೆ ಒಬ್ಬಳೇ ರಸ್ತೆಗಿಳಿಯುವ ಧೈರ್ಯ ಇರಲಿಲ್ಲ.

ನಮ್ಮ ಗೇಟಿನ ಪಕ್ಕ ಒಂದು ಗಸಗಸೆ ಹಣ್ಣಿನ ಮರವಿತ್ತು. ರಾತ್ರಿಯೆಲ್ಲ ಬಾವಲಿಗಳು ಬಂದು ಹಣ್ಣು ತಿಂದು, ಬೆಳಗಾಗುವಷ್ಟರಲ್ಲಿ ಕಾರಿನ ಬಾನೆಟ್ಟಿನ ತುಂಬ ಹಿಕ್ಕೆ ಹಾಕಿದ್ದವು. ಪೂಜೆಗೆ ನಾಲ್ಕು ದಿನ ಇತ್ತು. ನೀರು ಸುರಿದೆ, ಹೋಗಲಿಲ್ಲ. ಒಣಗಿ ಅಂಟಿಕೊಂಡಿತ್ತು. ಒಳಗೆ ಹೋಗಿ ಪಾತ್ರೆ ತೊಳೆಯುವ ಹಸಿರು ಸ್ಕ್ರಬ್ಬರ್ ಮತ್ತು ಬಟ್ಟೆ ಸೋಪಿನ ಪುಡಿ ತಂದೆ. ಮನಸ್ಸಿಟ್ಟು ಉಜ್ಜಿದೆ. ಕಲೆ ಹೋಯಿತು. ಸಂತೋಷವಾಗಿ ಇನ್ನಷ್ಟು ಜೋರಾಗಿ, ಇಡೀ ಬಾನೆಟ್ಟಿಗೆ ಕೈ ಹಾಕಿದೆ.

ಆಗ ಎದುರುಮನೆ ಜಗುಲಿಯಿಂದ ದನಿ ಬಂತು.

"ಮೇಡಮ್ಮೋರೆ, ಅದು ಬಾಣಲೆ ಅಲ್ಲ. ನಿಲ್ಸಿ."

ತಲೆಯೆತ್ತಿ ನೋಡಿದರೆ ಅವರು ಕಾಂಪೌಂಡು ಗೋಡೆಯ ಮೇಲೆ ಒಂದು ಕೈ ಇಟ್ಟುಕೊಂಡು ನಿಧಾನವಾಗಿ ನಡೆದು ಬರುತ್ತಿದ್ದರು. "ಸದ್ದು ಕೇಳಿ ಎದ್ದು ಬಂದೆ ಕಣವ್ವ. ಏನ್ರಲ್ಲಿ ಉಜ್ತಾ ಇದ್ದೀರಿ?"

ಹೇಳಿದೆ. ಹೊಸ ನೀಲಿ ಬಣ್ಣದ ಮೇಲೆ ಹಿಕ್ಕೆ ಒಣಗಿ ಕೂತಿತ್ತು ಎಂದೂ ಹೇಳಿದೆ. ಅಷ್ಟರಲ್ಲಿ ಬಾನೆಟ್ಟಿನ ನೀರು ಆರತೊಡಗಿತ್ತು. ಆರಿದ ಕಡೆಯಲ್ಲೆಲ್ಲ ನನ್ನ ಕೈ ಓಡಿದ ಹಾಗೆ ಸುತ್ತು ಸುತ್ತಾಗಿ ಬಿಳಿ ಗೀರುಗಳು ಎದ್ದು ಬಂದವು. ಒಂದಲ್ಲ, ಎರಡಲ್ಲ. ಕಡುನೀಲಿಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಗೀಚಿದಂತೆ. ಕೈಯಲ್ಲಿದ್ದ ಸ್ಕ್ರಬ್ಬರನ್ನು ಕೆಳಕ್ಕೆ ಹಾಕಿದೆ. ಗಂಡ ಬಯ್ಯುತ್ತಾರೆಂಬ ಭಯವಲ್ಲ, ಅವರು ಬಯ್ಯುವವರಲ್ಲ. ಸುಮ್ಮನೆ ನಿಂತು ನೋಡುತ್ತಾರೆ, ಆಮೇಲೆ "ಇರಲಿ ಬಿಡು" ಎನ್ನುತ್ತಾರೆ. ಆ "ಇರಲಿ ಬಿಡು" ಎಂಬ ಮಾತನ್ನು ಕೇಳುವುದು ನನ್ನಿಂದಾಗುತ್ತಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಎದುರುಮನೆ ಯಜಮಾನರು ಬಾನೆಟ್ಟಿನ ಮೇಲೆ ಅಂಗೈ ಆಡಿಸಿದರು. ಆಮೇಲೆ ಹೆಬ್ಬೆರಳ ಉಗುರನ್ನು ಅಡ್ಡಡ್ಡ ಎಳೆದರು. "ಉಗುರು ಸಿಕ್ಕಾಕಳ್ತಾ ಇಲ್ಲ. ಉಗುರು ಸಿಕ್ಕಾಕಂಡ್ರೆ ಮಾತ್ರ ಹೆದರ್ಬೇಕು. ಮೇಲಿನ ಪೊರೆ ಕೆಟ್ಟದೆ ಅಷ್ಟೇಯ, ಒಳಗೆ ಬಣ್ಣ ಹಂಗೇ ಅದೆ. ಎರಡು ದಿನ ಕೊಡಿ."

ಆ ಎರಡು ದಿನ ನಾನು ಶಿಷ್ಯೆ. ದಸರಾ ರಜೆ ಇದ್ದದ್ದು ಪುಣ್ಯ. ಅಗ್ರಹಾರದ ಪೇಂಟ್ ಅಂಗಡಿಗೆ ಹೋಗಿ ಅವರು ಹೇಳಿದ, ಗೀರು ಉಜ್ಜಿ ತೆಗೆಯುವ ನಯವಾದ ಕಾಂಪೌಂಡು ಪೇಸ್ಟು, ಒಂದು ಡಬ್ಬಿ ಮೇಣ ತಂದೆ. ನನ್ನ ಬಳೆ, ಉಂಗುರ, ಗಡಿಯಾರ ತೆಗೆದಿಡಿಸಿದರು. ಗಂಜಿ ಮುಟ್ಟದ ಹಳೆಯ ಬನಿಯನ್ನುಗಳನ್ನೇ ಬಟ್ಟೆಗೆ ಆರಿಸಿದರು. ಕಾರನ್ನು ನೆರಳಿಗೆ ತಳ್ಳಿಸಿ, ತಗಡು ತಣ್ಣಗಿದೆಯೇ ಎಂದು ಅಂಗೈ ಹಿಂಭಾಗದಿಂದ ಮುಟ್ಟಿ ನೋಡದೆ ಕೆಲಸ ಶುರುಮಾಡುತ್ತಿರಲಿಲ್ಲ. ಮೊದಲು ಮೇಲಿಂದ ಕೆಳಕ್ಕೆ ಬರೀ ನೀರು. ಆಮೇಲೆ ಎರಡು ಬಕೆಟ್ಟು. ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಬಟ್ಟೆ ಜಾಲಿಸಿ ಮಣ್ಣು ಬಿಡಿಸುವುದಕ್ಕೆ. ಹಕ್ಕಿಯದೋ ಬಾವಲಿಯದೋ ಹಿಕ್ಕೆ ಬಿದ್ದರೆ ಉಜ್ಜಲೇಬಾರದು, ಒದ್ದೆ ಬಟ್ಟೆ ಹಾಸಿ ಹತ್ತು ನಿಮಿಷ ಬಿಡಬೇಕು, ತಾನಾಗಿ ಬಿಟ್ಟುಕೊಳ್ಳುತ್ತದೆ ಎಂದರು. ತೊಳೆದು ಒರೆಸಿದ ಮೇಲೆ ಬೆರಳುಗಳಿಗೆ ಒಂದು ತೆಳು ಪ್ಲಾಸ್ಟಿಕ್ ಕವರು ಸಿಕ್ಕಿಸಿಕೊಂಡು ಬಣ್ಣದ ಮೇಲೆ ಆಡಿಸಿದರು. ನನಗೂ ಹಾಗೇ ಮಾಡಲು ಹೇಳಿದರು. ಬರಿಗೈಗೆ ನುಣುಪಾಗಿದ್ದ ಜಾಗದಲ್ಲಿ ಕವರಿನೊಳಗಿನ ಬೆರಳಿಗೆ ಸಣ್ಣ ಸಣ್ಣ ಮರಳು ಸಿಕ್ಕಿತು. ಆಶ್ಚರ್ಯವಾಯಿತು.

ಕಾಂಪೌಂಡು ಹಚ್ಚಿ ಉಜ್ಜುವಾಗ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಆಗಾಗ ಕೇಳುತ್ತಿದ್ದರು. "ಬಟ್ಟೆಗೆ ನೀಲಿ ಹತ್ತದಾ?" "ಎಷ್ಟು ಹತ್ತದೆ, ತೆಳ್ಳಗಾ, ಗಾಢವಾಗಾ?" ತೆಳ್ಳಗೆ ಎಂದರೆ ಮುಂದುವರಿಸುವರು. ಗಾಢ ಎಂದರೆ ಕೈ ತೆಗೆದುಬಿಡುವರು. ನಾನು ಪಾಠ ಹೇಳಿಕೊಡುತ್ತಿದ್ದಾರೆ ಎಂದುಕೊಂಡಿದ್ದೆ… ಮಕ್ಕಳಿಗೆ ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುತ್ತೇವಲ್ಲ, ಹಾಗೆ.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಗೀರುಗಳೆಲ್ಲ ಮಾಯ. ಮೇಣ ಹಚ್ಚಿದರು. ಕನ್ನಡಿಯ ಮೇಲೆ ಉಸಿರು ಬಿಟ್ಟರೆ ಮಂಜು ಕೂರುತ್ತದಲ್ಲ, ಅಷ್ಟೇ ತೆಳ್ಳಗೆ. ಅದು ಒಣಗಿ ಬೆಳ್ಳಗಾದ ಮೇಲೆ ಬೇರೆ ಬಟ್ಟೆಯಲ್ಲಿ ಒರೆಸಿದರು. ಬಟ್ಟೆ ಮಡಿಸಿ ಹೆಗಲ ಮೇಲೆ ಹಾಕಿಕೊಂಡು, "ಮುಗೀತು. ಬೆಟ್ಟ ಕಾಣ್ತದಾ ನೋಡಿ ಅದ್ರಲ್ಲಿ" ಎಂದರು.

ಕಾಣುತ್ತಿತ್ತು. ಚಾಮುಂಡಿ ಬೆಟ್ಟ ತಲೆಕೆಳಗಾಗಿ ಬಾನೆಟ್ಟಿನೊಳಗೆ ಮಲಗಿತ್ತು. ಆದರೆ ಅವರು ನಿಂತ ಜಾಗದ ನೇರಕ್ಕೆ, ಅವರ ಕಣ್ಣೆದುರಿಗೇ, ಅಂಗೈ ಅಗಲದ ಮೇಣ ಒರೆಸದೆ ಬೆಳ್ಳಗೆ ಉಳಿದುಬಿಟ್ಟಿತ್ತು.

"ಯಜಮಾನ್ರೇ, ಇಲ್ಲೊಂದು ಚೂರು ಉಳಿದಿದೆ" ಎಂದು ಬೆರಳು ತೋರಿಸಿದೆ. ಅವರ ಕೈ ಒಂದು ಗೇಣು ಆಚೆ ಹೋಗಿ ತಡಕಿತು. ಮತ್ತೆ ಈಚೆ ಬಂತು. ಆಗ ನನಗೆ ಹೊಳೆಯಿತು. ಅವರಿಗೂ ಗೊತ್ತಾಯಿತು. ತಪ್ಪು ಮಾಡಿ ಸಿಕ್ಕಿಬಿದ್ದವರ ದನಿಯಲ್ಲಿ, "ಎರಡು ದಿನದಿಂದ ಕೇಳ್ಬೇಕಂತಿದ್ದೆ. ನೀಲಿ ಅಂದ್ರಲ್ಲ… ಎಂಥ ನೀಲಿ?" ಎಂದರು.

ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷದ ಮೇಲಾಗಿತ್ತಂತೆ. ಬೆಳಕು, ನೆರಳು ತಿಳಿಯುತ್ತಿತ್ತು, ಅಷ್ಟೇ. ಗೇಟಿನ ಬಳಿ ಬಂದು ನಿಂತಿದ್ದ ಅವರ ಹೆಂಡತಿ ನಮ್ಮ ಮುಖ ನೋಡಿದವರೇ ಸೆರಗನ್ನು ಬಾಯಿಗೊತ್ತಿಕೊಂಡರು. "ನಾನ್ ಹೇಳ್ಲಿಲ್ಲ ಕಣ್ರೀ. ನೀವೇ ಕಂಡುಹಿಡುದ್ಬುಟ್ರಿ. ಆಣೆ ಮಾಡಿಸ್ಕಂಡಿದ್ರು ನನ್ ಕೈಲಿ" ಎಂದು ಅಲ್ಲೇ ಅತ್ತರು. ಆ ಅಳು ನನ್ನ ಅಳುವಿನಂಥದಲ್ಲ. ದೊಡ್ಡ ಮೂಟೆ ಇಳಿಸಿದವರು ಸುಸ್ತಾಗಿ ಕೂರುತ್ತಾರಲ್ಲ, ಅಂಥದು.

ಆಪರೇಷನ್ ಎಂದರೆ ಅವರಿಗೆ ಭಯ. ಅವರ ಅಣ್ಣ ಬಹಳ ಹಿಂದೆ ಎಲ್ಲೋ ಪೊರೆ ತೆಗೆಸಿಕೊಂಡು ಬಂದು, ಆ ಕಣ್ಣೇ ಕೀವಾಗಿ ಹೋಗಿತ್ತಂತೆ. "ಈಗ ಬೆಳಕಾದ್ರೂ ಗೊತ್ತಾಯ್ತದೆ. ಅದನ್ನೂ ಕಳ್ಕಂಡ್ರೆ?" ಎಂದರು. ನಾನು ಹೆಚ್ಚು ವಾದಿಸಲಿಲ್ಲ. "ತೋರಿಸಿಕೊಂಡು ಬರೋಣ. ಮುಟ್ಟೋದಕ್ಕೆ ಬಿಡೋದು ಬೇಡ, ಬರೀ ತೋರಿಸೋಣ" ಎಂದೆ. ಅವರು ಬಟ್ಟೆ ಬಿಡಿಸಿ, ಉಳಿದ ಮೇಣ ಎಲ್ಲಿದೆ ಎಂದು ಕೇಳಿ ಒರೆಸತೊಡಗಿದರು.

ಆಯುಧಪೂಜೆಯ ಹಿಂದಿನ ದಿನ ನನ್ನ ಯಜಮಾನರು ಬಂದರು. ಮುಚ್ಚಿಡಬಾರದೆಂದು ಎಲ್ಲ ಹೇಳಿಬಿಟ್ಟೆ. ಅವರು ಬಾನೆಟ್ಟಿನ ಸುತ್ತ ಬಗ್ಗಿ ಬಗ್ಗಿ ನೋಡಿ, "ಎಲ್ಲಿ? ಎಲ್ಲೂ ಇಲ್ವಲ್ಲ" ಎಂದು ಮೂರು ಸಲ ಕೇಳಿದರು. ಆಮೇಲೆ ನೇರ ಎದುರುಮನೆಗೆ ಹೋಗಿ ಯಜಮಾನರ ಕೈ ಹಿಡಿದುಕೊಂಡು ಕೂತರು. ಏನು ಮಾತಾಡಿದರೋ ಗೊತ್ತಿಲ್ಲ. ಪೂಜೆಯ ದಿನ ನಿಂಬೆಹಣ್ಣು ಇಟ್ಟು ಚಕ್ರ ಹರಿಸುವಾಗ ಎದುರುಮನೆಯ ಗಂಡ ಹೆಂಡತಿ ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೆವು.

ಅದಾದ ವಾರದೊಳಗೆ ಒಂದು ಬೆಳಗ್ಗೆ ಅವರ ಹೆಂಡತಿ ಬಂದು, "ಕಣ್ಣು ತೋರ್ಸಕ್ಕೆ ಇವತ್ತು ಬತ್ತೀನಿ ಅಂತಾವ್ರೆ. ನಾಳೆ ಮನಸ್ಸು ಬದಲಾಯ್ಸ್‌ಬುಡ್ತಾರೆ" ಎಂದರು. ನನ್ನ ಯಜಮಾನರು ಆಗಲೇ ಆಫೀಸ್ ಬಸ್ಸಿಗೆ ಹೋಗಿಯಾಗಿತ್ತು. ಆಟೋ ಕರೆಯಬಹುದಿತ್ತು. ಯಾಕೋ ಕೀ ತೆಗೆದುಕೊಂಡೆ. ಎದುರುಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಜೀವನದಲ್ಲಿ ಮೊದಲ ಸಲ ನಾನೇ ಕಾರು ರಸ್ತೆಗಿಳಿಸಿದೆ. ಅಗ್ರಹಾರದ ಸರ್ಕಲ್ಲಿನಲ್ಲಿ ಬಸ್ಸುಗಳ ನಡುವೆ ಸಿಕ್ಕಿಕೊಂಡಾಗ ಅಂಗೈ ಬೆವರಿ ಸ್ಟೀರಿಂಗು ಜಾರುತ್ತಿತ್ತು. ಪಕ್ಕದಲ್ಲಿದ್ದ ಅವರು ಇಂಜಿನ್ನಿನ ಸದ್ದನ್ನೇ ಕೇಳಿಸಿಕೊಳ್ಳುತ್ತಾ, "ಗೇರು ಬದಲಾಯ್ಸಿ. ಗಾಡಿ ಒದ್ದಾಡ್ತಾ ಅದೆ. ಹೂಂ… ಈಗ ಸರಿಹೋಯ್ತು" ಎನ್ನುತ್ತಿದ್ದರು. ಕಣ್ಣಿಲ್ಲದವರು ದಾರಿ ಹೇಳುತ್ತಿದ್ದರು, ಕಣ್ಣಿದ್ದವಳು ನಡುಗುತ್ತಿದ್ದೆ.

ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿದರು. "ಮೇಲಿನ ಪೊರೆ ಮಾತ್ರ. ಒಳಗೆ ಕಣ್ಣು ಚೆನ್ನಾಗಿದೆ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ನಕ್ಕುಬಿಟ್ಟರು. "ನಾನ್ ಹೇಳಿದ್ ಮಾತ್ನೇ ನಂಗೆ ಹೇಳ್ತಾವ್ರೆ. ಇನ್ನೇನ್ ಮಾಡಾದು, ಮಾಡ್ಸ್‌ಬುಡಿ."

ಬಲಗಣ್ಣಿಗೆ ಆಪರೇಷನ್ ಆದ ಮಾರನೆಯ ದಿನ ಪಟ್ಟಿ ಬಿಚ್ಚಿದರು. ಆ ಹತ್ತು ನಿಮಿಷ ಅವರ ಹೆಂಡತಿ ನನ್ನ ಮಣಿಕಟ್ಟನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಗಾಜಿನ ಬಳೆಯೊಂದು ಒಡೆಯಿತು. ಅವರು ಮೆಲ್ಲಗೆ ಕಣ್ಣು ತೆರೆದರು. ನೀರು ಸುರಿಯಿತು. ಒಂದೆರಡು ಸಲ ರೆಪ್ಪೆ ಬಡಿದು ಹೆಂಡತಿಯನ್ನು ನೋಡಿದರು. ನೋಡುತ್ತಲೇ ಇದ್ದರು.

"ಕೂದ್ಲೆಲ್ಲ ಬೆಳ್ಳಗಾಗ್ಬುಟ್ಟದಲ್ಲೇ" ಎಂದರು.

"ಎರಡು ವರ್ಷ ಆಯ್ತು, ಇನ್ನೇನ್ ಕರ್ರಗಾದದಾ" ಎಂದರು ಆಕೆ. ನರ್ಸು ನಕ್ಕಳು, ಡಾಕ್ಟರು ನಕ್ಕರು. ನಾನು ಕೂತು ಒಡೆದ ಬಳೆಯ ಚೂರುಗಳನ್ನು ಆರಿಸಿದೆ. ಕರೆತಂದವಳು ನಾನು. ಅವರ ಅಣ್ಣನಿಗೆ ಆದದ್ದೇ ಇವರಿಗೂ ಆಗಿದ್ದರೆ… ಆ ಭಯವನ್ನು ಯಾರಿಗೂ ಹೇಳಿರಲಿಲ್ಲ.

ಹೊರಗೆ ಬಂದು ಕಾರಿನ ಮುಂದೆ ನಿಂತರು. ಕಪ್ಪು ಕನ್ನಡಕವನ್ನು ಒಂದಿಷ್ಟು ಎತ್ತಿ, ಸುತ್ತ ಒಂದು ಪ್ರದಕ್ಷಿಣೆ ಬಂದರು. ಬಾನೆಟ್ಟಿನ ಎಡ ಮೂಲೆಯಲ್ಲಿ ಬಗ್ಗಿದರು. "ಛೇ, ಇಲ್ಲೊಂದು ಗೆರೆ ಬುಟ್ಬುಟ್ಟಿವ್ನಿ. ಹೇಳ್ಬಾರ್ದಾಗಿತ್ತಾ?" ನನಗೆ ಆ ಗೆರೆ ಈ ಹೊತ್ತಿಗೂ ಕಂಡಿಲ್ಲ.

ಮುಂದಿನ ವರ್ಷ ಎಡಗಣ್ಣಿಗೂ ಆಯಿತು. ಪ್ರತಿ ದಸರಾಕ್ಕೂ ಕಾರಿಗೆ ಮೇಣ ಹಚ್ಚುವ ಕೆಲಸ ಅವರದೇ. ಬೇಡವೆಂದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ತರಕಾರಿಗೆ ಒಬ್ಬರೇ ಹೋಗತೊಡಗಿದರು. ಅವರ ಹೆಂಡತಿ ಆ ಹೊತ್ತಿನಲ್ಲಿ ನಮ್ಮ ಮನೆಗೆ ಬಂದು ನನ್ನ ಜೊತೆ ಕಾಫಿ ಕುಡಿಯುತ್ತಿದ್ದರು. ಎಂಟು ವರ್ಷ ಹೀಗೇ ನಡೆಯಿತು.

ಯಜಮಾನರು ತೀರಿಹೋದಾಗ ನಾನು ಉತ್ತರಪತ್ರಿಕೆ ತಿದ್ದಲು ಹಾಸನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆಳಗ್ಗೆ ಜಗುಲಿಯಲ್ಲಿ ಪೇಪರು ಓದುತ್ತಾ ಕೂತಿದ್ದರಂತೆ. ಅಕ್ಷರ ಸರಿಯಾಗಿ ಅಚ್ಚಾಗಿಲ್ಲ ಎಂದು ಗೊಣಗಿದರಂತೆ. ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋಗಿ, ಮತ್ತೆ ಬಂದು ನೋಡಿದರೆ ಕಾಫಿ ಹಾಗೇ ಇತ್ತು, ಪೇಪರು ತೊಡೆಯ ಮೇಲಿತ್ತು. ಇನ್ನೂ ಓದುತ್ತಿದ್ದಾರೆಂದುಕೊಂಡು, ಆರಿದ ಕಾಫಿಯನ್ನು ಒಳಗೊಯ್ದು ಬಿಸಿ ಮಾಡಿ ತಂದರಂತೆ. ಮುಖ ನೋಡಲಾಗಲಿಲ್ಲ ಎಂದು ನಾನು ಅತ್ತಾಗ ಆಕೆಯೇ ನನ್ನ ಬೆನ್ನು ಸವರಿದರು. "ಕತ್ಲೇಲಿ ಹೋಗ್ಲಿಲ್ಲ ಬುಡವ್ವ. ಎಲ್ಲಾನೂ ನೋಡ್ಕಂಡೇ ಹೋದ್ರು" ಎಂದರು. ಕೆಲವು ವರ್ಷಗಳ ಮೇಲೆ ಆಕೆಯೂ ಹೋದರು. ಮನೆ ಕೈ ಬದಲಾಯಿತು.

ಮೊನ್ನೆ ಹೊಸ ಕಾರನ್ನು ಮನೆಗೆ ತಂದು ಗೇಟು ತೆಗೆಯಲು ಇಳಿದೆ. ಎದುರಿಗೆ ಈಗ ಮೂರು ಅಂತಸ್ತಿನ ಕಟ್ಟಡ. ಎರಡನೇ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದ ಹುಡುಗಿಯೊಬ್ಬಳು ಬಗ್ಗಿ ನೋಡಿ, "ಹೊಸ ಕಾರಾ ಆಂಟಿ? ಚೆನ್ನಾಗಿದೆ" ಎಂದಳು.

"ಹೂಂ ಕಣಮ್ಮ" ಎಂದೆ. ಎಂಥ ಬಣ್ಣ ಎಂದೂ ಹೇಳಬೇಕೆನಿಸಿ ಒಂದು ಗಳಿಗೆ ತಲೆಯೆತ್ತಿಕೊಂಡೇ ನಿಂತಿದ್ದೆ… ಅದನ್ನು ಕೇಳಿಸಿಕೊಳ್ಳಬೇಕಾದವರು ಆ ಮನೆಯಲ್ಲಿ ಇರಲಿಲ್ಲ.