ನಿಲ್ಲುವ ಮೊದಲೇ ರಿವರ್ಸ್

ನಮ್ಮ ಕಾರಿನ ಗೇರ್‌ಬಾಕ್ಸ್ ಕೆಡಿಸಿದ್ದು ನನ್ನ ಗಂಡ. ಕೆಟ್ಟ ಹೆಸರು ಬಂದದ್ದು ನನಗೆ. ಅದು ನನ್ನ ಹೆಗಲೇರಲು ನಾನೇ ಬೆನ್ನು ಬಾಗಿಸಿ ಕೊಟ್ಟೆನಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಮೊದಲಲ್ಲಿ ನಾವು ತಿರುವನಂತಪುರದಲ್ಲಿದ್ದೆವು. ಅವರು ಮೆಕ್ಯಾನಿಕಲ್ ಇಂಜಿನಿಯರ್, ಕೇಂದ್ರ ಸರ್ಕಾರದ ಕೆಲಸ. ನಾನು ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಿ ಮನೆಯಲ್ಲಿ ಸಾರು ಕುದಿಸುತ್ತಿದ್ದವಳು. ತುಂಬಾ ಎಂಬ ಊರಿನ ಕಡಲ ಬದಿಯಲ್ಲಿ ಬಾಡಿಗೆ ಮನೆ, ಒಬ್ಬಳೇ ಮಗಳು, ಒಂದು ಸೆಕೆಂಡ್‌ಹ್ಯಾಂಡ್ ಕಾರು. ಅವರಿಗೆ ಮಲಯಾಳ ಹತ್ತಲಿಲ್ಲ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತಿತ್ತು, ಹೊರಗೆ ನಾನಿದ್ದೆ. ಮೀನು ಮಾರುವವಳಿಂದ ಹಿಡಿದು ಮನೆ ಮಾಲೀಕರವರೆಗೆ ಎಲ್ಲರ ಮಾತನ್ನೂ ನಾನೇ ಕನ್ನಡ ಮಾಡಿ ಹೇಳಬೇಕು.

ಕಾರು ಕಲಿಯುತ್ತೇನೆ ಎಂದಾಗ ಅವರು ನಕ್ಕರು, ಆದರೆ ಬೇಡವೆನ್ನಲಿಲ್ಲ. ಕಲಿಸಲು ಬಂದ ಮುದುಕನನ್ನು ಎಲ್ಲರೂ ಆಶಾನ್, ಅಂದರೆ ಗುರು, ಎಂದು ಕರೆಯುತ್ತಿದ್ದರು. ಆ ರಾಜ್ಯದಲ್ಲಿ ಲೈಸೆನ್ಸ್ ಬೇಕಾದರೆ ನೆಟ್ಟ ಕಂಬಗಳ ನಡುವೆ ಕಾರನ್ನು ಎಚ್ ಅಕ್ಷರದ ಆಕಾರದಲ್ಲಿ ಓಡಿಸಿ ತೋರಿಸಬೇಕು, ಅರ್ಧಕ್ಕರ್ಧ ಹಿಂದಕ್ಕೆ. ಹಾಗಾಗಿ ಆಶಾನ್ ಪಾಠವೆಲ್ಲ ರಿವರ್ಸಿನದೇ. ಕೈ ಗೇರಿನ ಮೇಲೆ ಹೋದರೆ ಸಾಕು, "ವಂಡಿ ನಿನ್ನೋ?" ಎಂದು ಗದರುತ್ತಿದ್ದ. ಗಾಡಿ ನಿಂತಿತೇ? ನಿಂತಮೇಲೆ ಹಾಕು. ಮುಂದಿನ ಗೇರುಗಳಿಗೆ ಒಳಗೆ ಹಿತ್ತಾಳೆಯ ಬಳೆಯಂಥದ್ದು ಇರುತ್ತದಂತೆ, ಅದು ಎರಡೂ ಕಡೆಯ ವೇಗವನ್ನು ಸರಿದೂಗಿಸಿ ಹಲ್ಲುಗಳನ್ನು ಸಮಾಧಾನವಾಗಿ ಕೂಡಿಸುತ್ತದೆ. ನಮ್ಮಂಥ ಕಾರಿನಲ್ಲಿ ರಿವರ್ಸಿಗೆ ಆ ಬಳೆ ಇಲ್ಲ. ಚಕ್ರ ಮುಂದಕ್ಕೆ ಉರುಳುತ್ತಿರುವಾಗಲೇ ಹಾಕಿದರೆ ಹಲ್ಲಿಗೆ ಹಲ್ಲು ಬಡಿಯುತ್ತದೆ, ಅಷ್ಟೇ. ನಾನು ಮೊದಲ ಸಲಕ್ಕೇ ಪಾಸಾದೆ. ನನ್ನ ಗಂಡನ ಲೈಸೆನ್ಸು ಬೇರೆ ಊರಿನದು, ನೇರ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಬಂದು ಪಡೆದದ್ದು.

ಅವರೋ ದಿನಾ ಸಂಜೆ ಆಫೀಸಿನಿಂದ ಬಂದು ಕಾರನ್ನು ಗೇಟಿನಿಂದ ಸ್ವಲ್ಪ ಮುಂದೆ ದಾಟಿಸಿ, ಅದಿನ್ನೂ ತೆವಳುತ್ತಿರುವಾಗಲೇ ರಿವರ್ಸಿಗೆ ಎಳೆಯುತ್ತಿದ್ದರು. ಕರ್ರ್ ಎಂಬ ಸದ್ದಿಗೆ ನಾನು ಅಡುಗೆಮನೆಯಲ್ಲಿ ಟೀಗೆ ನೀರಿಡುತ್ತಿದ್ದೆ. ಒಂದು ದಿನ ತಡೆಯಲಾರದೆ, "ಪೂರ್ತಿ ನಿಲ್ಲಿಸಿ ಹಾಕ್ಬಾರ್ದೇನ್ರೀ?" ಎಂದೆ.

"ಇಂಜಿನಿಯರ್ ಯಾರೇ, ನೀನಾ ನಾನಾ?" ಎಂದರು.

ಆಮೇಲೆ ಕೊಚ್ಚಿಗೆ ವರ್ಗವಾಯಿತು. ಏಲೂರಿನ ಕಡೆ ಮನೆ. ಕಿಟಕಿ ತೆರೆದರೆ ಗೊಬ್ಬರದ ಕಾರ್ಖಾನೆಯ ಅಮೋನಿಯದ ನಾತ. ಅವರಿಗೆ ಆಫೀಸಿನ ಬಸ್ಸು ಬರುತ್ತಿತ್ತು, ಕಾರು ಹಗಲೆಲ್ಲ ಶೆಡ್ಡಿನಲ್ಲಿ ಬಿದ್ದಿರುತ್ತಿತ್ತು. ಆಗ ಫೋರ್ಟ್ ಕೊಚ್ಚಿಯ ಒಂದು ಶಾಲೆಯಲ್ಲಿ ನನಗೆ ಕೆಮಿಸ್ಟ್ರಿ ಟೀಚರ್ ಕೆಲಸ ಸಿಕ್ಕಿತು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಸಿಕ್ಕ ಮೊದಲ ಕೆಲಸ. ಬಸ್ಸು, ದೋಣಿ ಎಂದು ಹೋದರೆ ಮಗಳು ಶಾಲೆಯಿಂದ ಬರುವಷ್ಟರಲ್ಲಿ ನಾನು ಮನೆ ಸೇರುವಂತಿರಲಿಲ್ಲ. ಕಾರಿದ್ದರೆ ಆಗುತ್ತಿತ್ತು. ಅವರೂ ಹೂಂ ಎಂದರು. ಜೂನ್ ಒಂದಕ್ಕೆ ಸೇರಬೇಕು. ಎರಡು ಕಾಟನ್ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟೆ.

ಮೇ ತಿಂಗಳ ಒಂದು ಭಾನುವಾರ ದಾರಿ ರೂಢಿಯಾಗಲೆಂದು ಮೂವರೂ ಹೊರಟೆವು, ನಾನೇ ಓಡಿಸಿದೆ. ಶಾಲೆಯ ಗೇಟಿನ ಮುಂದೆ ಕಾರು ನಿಲ್ಲಿಸಿ, ಪೂರ್ತಿ ನಿಲ್ಲಿಸಿ, ರಿವರ್ಸ್ ಹಾಕಿದೆ. ಒಳಗೆ ಏನೋ ಮುರಿದ ಸದ್ದು. ಗೇರು ಅಲ್ಲಾಡಲಿಲ್ಲ, ಕಾರೂ ಅಲ್ಲಾಡಲಿಲ್ಲ. ಅವರು ಹಣೆ ಹಣೆ ಚಚ್ಚಿಕೊಂಡರು. ನಾನೇ ಮುರಿದೆನೆಂದು ನಾನೂ ನಂಬಿದೆ.

ಕಾರನ್ನು ಹತ್ತಿರದ ಗ್ಯಾರೇಜಿಗೆ ಎಳೆಸಿ ಬಿಟ್ಟು ಬಂದೆವು. ಮೂರನೆಯ ದಿನ ಮೆಕ್ಯಾನಿಕ್ ಕರೆಸಿದ. ಮೂವರೂ ಹೋದೆವು. ಗೇರ್‌ಬಾಕ್ಸನ್ನು ಬಿಚ್ಚಿ ಹಳೆಯ ಪೇಪರಿನ ಮೇಲೆ ಹರಡಿದ್ದ. ಪಕ್ಕದ ತಟ್ಟೆಯಲ್ಲಿ ಬಸಿದ ಎಣ್ಣೆ, ಅದರಲ್ಲಿ ಮಿಣಮಿಣ ಕಬ್ಬಿಣದ ಪುಡಿ. ಒಂದು ಚಿಕ್ಕ ಗೇರು ಎತ್ತಿ ತೋರಿಸಿದ. ಮೂರು ಹಲ್ಲು ಮುರಿದಿದ್ದವು, ಉಳಿದವುಗಳ ಅಂಚೆಲ್ಲ ಜಜ್ಜಿ ಮೊಂಡಾಗಿತ್ತು.

"ಅಕ್ಕಾ, ಇಷ್ಟು ವರ್ಷ ದಿನಾ ಓಡಿಸಿದ್ದು ಯಾರು?" ಎಂದು ಮಲಯಾಳದಲ್ಲಿ ಕೇಳಿದ.

ನಾನು ಕಣ್ಣಲ್ಲೇ ಗಂಡನ ಕಡೆ ತೋರಿಸಿದೆ.

"ಹಾಗಾದ್ರೆ ಸಾರ್‌ಗೆ ಹೇಳಿ. ಇದು ಒಂದು ದಿನದ ಪೆಟ್ಟಲ್ಲ. ಗಾಡಿ ಮುಂದೆ ಹೋಗ್ತಿರುವಾಗಲೇ ರಿವರ್ಸ್ ಹಾಕಿ ಹಾಕಿ ಹೀಗಾಗಿದೆ. ಮೊನ್ನೆ ನಿಮ್ಮ ಕೈಯಲ್ಲಿ ಮುರೀತು, ಅಷ್ಟೆ."

"ಏನಂತೆ?" ಎಂದರು ಇವರು.

ಅಲ್ಲಿ ಇನ್ನೂ ಇಬ್ಬರು ಕೆಲಸಗಾರರು ನಮ್ಮನ್ನೇ ನೋಡುತ್ತ ನಿಂತಿದ್ದರು. ಇಂಜಿನಿಯರ್ ಸಾಹೇಬರು ಇವರೆಲ್ಲರ ಮುಂದೆ ಮುಖ ಸಣ್ಣಗೆ ಮಾಡಿಕೊಳ್ಳುವುದು ಬೇಡ, ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಎಂಥ ದೊಡ್ಡ ಮನಸ್ಸು ನನ್ನದು!

"ಹಳೇ ಗಾಡಿ ಅಂತೆ. ಹಲ್ಲು ಸವೆದಿತ್ತಂತೆ" ಎಂದೆ.

ಮೆಕ್ಯಾನಿಕ್‌ಗೆ ಕನ್ನಡ ಬರದು, ನಾನು ಸರಿಯಾಗಿಯೇ ಹೇಳಿದೆನೆಂದು ತಿಳಿದು ತಲೆಯಾಡಿಸಿದ. ಇವರು ಆ ಗೇರನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿ ಕೆಳಗಿಟ್ಟರು. ಮಗಳು ನನ್ನ ಸೆರಗು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಎರಡೂ ಭಾಷೆ ಬರುತ್ತಿತ್ತು.

ಮನೆಗೆ ಹೋಗಿ ನಾನು ಬಾಯಿ ಬಿಡುವ ಮೊದಲೇ ಅವರು ಸಹೋದ್ಯೋಗಿಗೆ ಫೋನು ಹಚ್ಚಿದ್ದರು. "ನಮ್ಮನೆಯವಳು ಗೇರ್‌ಬಾಕ್ಸ್ ಮುರಿದು ಕೂತಿದ್ದಾಳೆ ಮಾರಾಯ್ರೇ" ಎಂದು ನಗುತ್ತಿದ್ದರು. ರಿಪೇರಿಯಾಗಿ ಬಂದ ಕಾರಿನ ಕೀಲಿ ಬೀರುವಿನ ಲಾಕರಿಗೆ ಹೋಯಿತು. "ಸ್ವಲ್ಪ ದಿನ ಬೇಡ ಕಣೇ, ಇನ್ನೂ ಚೆನ್ನಾಗಿ ಕೈ ಕೂರಲಿ" ಎಂದರು. ಓಡಿಸದೆ ಕೈ ಹೇಗೆ ಕೂರುತ್ತದೆ ಎಂದು ನಾನು ಕೇಳಲಿಲ್ಲ. ಈಗ ನಿಜ ಹೇಳಿದರೆ ಜಗಳಕ್ಕೆ ಕಟ್ಟಿದ ಕಥೆಯಂತೆ ಕಾಣುತ್ತದೆ ಎಂದು ಹೆದರಿದೆ. ನನ್ನ ಮಾತಿಗೆ ನಾನೇ ಸಿಕ್ಕಿಕೊಂಡಿದ್ದೆ. ಶಾಲೆಗೆ ಪತ್ರ ಬರೆದು, ಬರಲಾಗುವುದಿಲ್ಲ ಎಂದು ತಿಳಿಸಿದೆ. ಆ ಜಾಗಕ್ಕೆ ಬೇರೆ ಯಾರೋ ಸೇರಿದರು. ಜೂನ್ ಒಂದರ ಬೆಳಿಗ್ಗೆ ಇಡ್ಲಿ ಮಾಡಿದೆ.

ಮರುವರ್ಷ ಒಂದು ಭಾನುವಾರ ಮಧ್ಯಾಹ್ನ ಎರಡು ಕನ್ನಡದ ಮನೆಯವರು ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು. ಎಲೆಯ ಮುಂದೆ ಕೂತು ಇವರು ಮತ್ತೆ ಅದೇ ಕಥೆ ತೆಗೆದರು, ಕರ್ರ್ ಎಂದು ಬಾಯಲ್ಲಿ ಸದ್ದು ಬೇರೆ. ಎಲ್ಲರೂ ನಕ್ಕರು. ಆಗ ಮಗಳು, ಮನೆಯಲ್ಲಿ ಕನ್ನಡಕ್ಕೂ ಮಲಯಾಳದಲ್ಲೇ ಉತ್ತರಿಸುತ್ತಿದ್ದವಳು, ಹಪ್ಪಳ ಮುರಿಯುತ್ತ ಹೇಳಿದಳು: "ಅಮ್ಮಯಲ್ಲ. ಅಚ್ಛನಾ ಕೇಡಾಕ್ಕಿಯದ್."

ಅಮ್ಮ ಅಲ್ಲ, ಅಪ್ಪನೇ ಕೆಡಿಸಿದ್ದು. ಬಂದವರಿಗೆ ಅಷ್ಟು ಮಲಯಾಳ ಬರುತ್ತಿತ್ತು. ಯಾರೋ ಸಾರು ಬೇಕೆಂದರು, ನಾನು ಬಡಿಸಿದೆ.

ಅವರೆಲ್ಲ ಹೋದ ಮೇಲೆ ಎಲೆ ಎತ್ತುತ್ತ ಹೇಳಿದೆ: "ಅಪ್ಪನೇ ಕೆಡಿಸಿದ್ದು ಅಂತ ಅವಳು ಹೇಳಿದ್ದು ನಿಜ. ಮೆಕ್ಯಾನಿಕ್ ಅವತ್ತು ಹಾಗೇ ಅಂದ."

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಗೊತ್ತು. ಆ ಹಲ್ಲು ನೋಡಿದ್ರೆ ಯಾರಿಗಾದ್ರೂ ಗೊತ್ತಾಗತ್ತೆ. ನೀನೇ ಬೇರೆ ಏನೋ ಹೇಳ್ದೆ, ನಾನ್ಯಾಕೆ ಬೇಡ ಅನ್ಲಿ?"

ಕೈಯಲ್ಲಿ ಎಂಜಲೆಲೆ ಹಿಡಿದು ಹಾಗೇ ನಿಂತೆ. "ಮತ್ತೆ ನನ್ನ ಕೆಲಸ?" ಎಂದೆ.

"ಯಾವ ಕೆಲಸ?"

ನಾಟಕವಾಡುತ್ತಿರಲಿಲ್ಲ. ನಿಜವಾಗಿಯೂ ಮರೆತಿದ್ದರು. ನಾನು ಶಾಲೆಯ ಹೆಸರು ಹೇಳಿದೆ. ಸ್ವಲ್ಪ ಯೋಚಿಸಿ, "ಓ, ಅದಾ" ಎಂದು ಪೇಪರಿನ ಹಾಳೆ ತಿರುಗಿಸಿದರು.