ವಹಿಯಲ್ಲಿ ಬರೆಯದ ಬೆಲ್ಲ

ರೊಟ್ಟಿ ಆಯಿಗೆ ಹುಬ್ಬುಗಳೇ ಇರಲಿಲ್ಲ. ನಲವತ್ತು ವರ್ಷ ಒಲೆಯ ಮುಂದೆ ಕೂತು ರೊಟ್ಟಿ ಬಡಿದದ್ದಕ್ಕೆ ಬೆಂಕಿಯ ಝಳ ಅವನ್ನು ತಿಂದುಹಾಕಿತ್ತು. ಹಾಗಾಗಿ ಆಕೆಗೆ ಸಿಟ್ಟು ಬಂದರೂ ಮುಖದಲ್ಲಿ ಕಾಣುತ್ತಿರಲಿಲ್ಲ, ದನಿಯಿಂದಲೇ ತಿಳಿಯಬೇಕಿತ್ತು.

ಅಥಣಿಯಲ್ಲಿ ನನ್ನ ಬಾಡಿಗೆ ಮನೆಗೆ ಅಂಟಿಕೊಂಡೇ ಆಕೆಯ ರೊಟ್ಟಿ ಅಂಗಡಿ. ಅಂಗಡಿಯೆಂದರೆ ಒಂದು ಪಡಸಾಲೆ, ಒಂದು ಒಲೆ, ಸಹಾಯಕ್ಕೊಬ್ಬ ಸೊಸೆ. ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಹೆಂಡತಿಯ ನೌಕರಿ ಚಿಕ್ಕೋಡಿಯಲ್ಲಿ, ಆದ್ದರಿಂದ ನನಗೆ ಆಯಿಯ ರೊಟ್ಟಿಯೇ ಗತಿ. "ಬಿಸಿ ಇದ್ದಾಗ ತಿನ್ರಿ ಮಾಸ್ತರ, ರೊಟ್ಟಿ ನಿಮ್ಮ ಸಲುವಾಗಿ ಕಾಯೂದಿಲ್ಲ" ಎಂದು ಗದರುತ್ತಿದ್ದಳು. ಉಬ್ಬದ ರೊಟ್ಟಿಯನ್ನು ಯಾರಿಗೂ ಮಾರುತ್ತಿರಲಿಲ್ಲ. ಅವನ್ನು ಪಕ್ಕಕ್ಕಿಟ್ಟು ಕಡೆಗೆ ತಾನು ಉಣ್ಣುತ್ತಿದ್ದಳು.

ಒಮ್ಮೆ ಡಾಕ್ಟರು ನನ್ನ ಸಕ್ಕರೆ ಬಾರ್ಡರಿನಲ್ಲಿದೆ ಅಂದರು. ವಿಜ್ಞಾನದ ಮಾಸ್ತರ, ಸುಮ್ಮನೆ ಕೂತೇನೆಯೇ? ತೋಳಿಗೆ ಅಂಟಿಸಿಕೊಳ್ಳುವ, ರೂಪಾಯಿ ಬಿಲ್ಲೆಯಷ್ಟು ಅಗಲದ ಯಂತ್ರವೊಂದನ್ನು ತರಿಸಿದೆ. ಹದಿನಾಲ್ಕು ದಿನ ಅದು ಮೈಯೊಳಗಿನ ಸಕ್ಕರೆ ಅಳೆದು ಮೊಬೈಲಿನಲ್ಲಿ ಗೆರೆ ಎಳೆಯುತ್ತದೆ. ಒಂದು ವಾರ ರೊಟ್ಟಿ ತಿನ್ನುವುದು, ಒಂದು ವಾರ ಬಿಡುವುದು, ತಿಂದದ್ದನ್ನೆಲ್ಲ ವಹಿಯಲ್ಲಿ ಬರೆಯುವುದು. ಇದು ನನ್ನ ಪ್ರಯೋಗ.

ನನಗಿಂತ ಆಯಿಗೇ ಉಮೇದು ಹೆಚ್ಚು. ಆಕೆಗೂ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ, ದಿನಾ ಬೆಳಿಗ್ಗೆ ಗುಳಿಗೆ. ನನ್ನ ಎರಡು ರೊಟ್ಟಿಯ ಹಿಟ್ಟನ್ನು ತಕ್ಕಡಿಯಲ್ಲಿ ತೂಗಿಯೇ ಬಡಿದಳು. "ಏನಂತೈತ್ರಿ ನಿಮ್ಮ ಬಿಲ್ಲಿ?" ಎಂದು ನನ್ನ ತೋಳಿನ ಯಂತ್ರ ತೋರಿಸಿ ದಿನಾ ಕೇಳುವಳು.

ಮೊದಲ ವಾರ ಪ್ರತಿ ಸಂಜೆ ಗೆರೆ ಗುಡ್ಡ ಹತ್ತಿತು. ಮೊಬೈಲನ್ನು ಆಕೆಯ ಮುಂದೆ ಹಿಡಿದೆ. "ರೊಟ್ಟಿದ ಕೆಲಸ ಆಯಿ, ನೋಡ್ರಿ ಹೆಂಗ ಏರೈತಿ!"

"ಜ್ವಾಳದ ರೊಟ್ಟಿ? ನಮ್ಮ ಹಿರ್‍ಯಾರೆಲ್ಲಾ ಅದನ್ನ ತಿಂದ ಬಾಳ್ಯಾರಲ್ರಿ!"

"ಮಷಿನ್ ಸುಳ್ಳ ಹೇಳೂದಿಲ್ಲ ಆಯಿ."

ಆ ಮಾತು ಆಡಿದ ನಾಲಿಗೆಗೆ ಬರೆ ಎಳೆಯಬೇಕು. ಮಷಿನ್ ಸುಳ್ಳು ಹೇಳಿರಲಿಲ್ಲ, ನಿಜ. ಹೇಳಿದವನು ನಾನು.

ಅದು ಕಬ್ಬಿನ ಸುಗ್ಗಿ. ಶಾಲೆಯಿಂದ ಬರುವ ದಾರಿಯಲ್ಲಿ, ಕಾಗವಾಡ ರಸ್ತೆಯ ಬದಿಗೆ, ನನ್ನ ವಿದ್ಯಾರ್ಥಿಯೊಬ್ಬನ ತಂದೆಯ ಬೆಲ್ಲದ ಗಾಣ ನಡೆದಿತ್ತು. ಗಾಣದ ಮುಂದೆ ಹಾದವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ನಮ್ಮ ಕಡೆ ಇಲ್ಲ. ದಿನಾ, ರವಿವಾರ ಅಡ್ಡಾಡಲು ಹೋದಾಗಲೂ, ಒಂದು ತಂಬಿಗೆ ಕಬ್ಬಿನ ಹಾಲು, ಮೇಲೆ ಅಂಗೈ ತುಂಬ ಬಿಸಿ ಬೆಲ್ಲ. ಗಾಣದಲ್ಲಿ ಕೊಟ್ಟದ್ದನ್ನು ನಮ್ಮಲ್ಲಿ ಯಾರೂ ತಿಂದದ್ದೆಂದು ಲೆಕ್ಕ ಹಿಡಿಯುವುದಿಲ್ಲ, ಅದು ಮರ್ಯಾದೆ. ನಾನೂ ವಹಿಯಲ್ಲಿ ಬರೆಯಲಿಲ್ಲ. ಎರಡನೆಯ ವಾರ ನಾನು ರೊಟ್ಟಿ ಬಿಟ್ಟೆ. ಅದೇ ವಾರ ಆ ಗಾಣದ ಕಬ್ಬೂ ಮುಗಿಯಿತು. ಗೆರೆ ತೆಪ್ಪಗೆ ಮಲಗಿತು.

ಕಡೆಯ ದಿನ ಹೊತ್ತು ತಾಳೆ ನೋಡಿದೆ. ಗೆರೆ ಏರಿದ್ದು ಐದೂವರೆಗೆ, ಗಾಣದ ಹೊತ್ತಿಗೆ; ನಾನು ರೊಟ್ಟಿ ತಿಂದದ್ದು ರಾತ್ರಿ ಎಂಟಕ್ಕೆ. ಅಷ್ಟರಲ್ಲಿ ಶಾಲೆಯಲ್ಲಿ, ಓಣಿಯಲ್ಲಿ, ಎಲ್ಲ ಕಡೆ ಡಂಗುರ ಹೊಡೆದಾಗಿತ್ತು. ಈಗ ತಿದ್ದಿ ಹೇಳಿದರೆ ನಗೆಪಾಟಲು. ಆಮೇಲೆ ಹೇಳಿದರಾಯಿತು ಎಂದು ಸುಮ್ಮನಾದೆ.

ಆಯಿ ಅಷ್ಟರಲ್ಲೇ ರೊಟ್ಟಿ ಬಿಟ್ಟಿದ್ದಳು. ಉಬ್ಬದ ರೊಟ್ಟಿಗಳು ಓಣಿಯ ಎಮ್ಮೆಯ ಪಾಲಾದವು. ಆಕೆ ಗುಳಿಗೆ ನುಂಗಿ, ಎರಡು ತುತ್ತು ಪಲ್ಲೆ ತಿಂದು ಒಲೆಯ ಮುಂದೆ ಕೂರುತ್ತಿದ್ದಳು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಲೇ ಕಣ್ಣು ಕತ್ತಲೆಗಟ್ಟಿ ವಾಲಿದಳು. ಬಲಗೈ ಕಾದ ಹಂಚಿನ ಮೇಲೆ ಬಿತ್ತು. ಸೊಸೆಯ ಕೂಗಿಗೆ ನಾನೂ ಓಡಿದೆ.

ದವಾಖಾನೆಯಲ್ಲಿ ಡಾಕ್ಟರು ರೇಗಿದರು. "ಗುಳಿಗಿ ನುಂಗಿ ಉಪಾಸ ಕುಂತ್ರ ಸಕ್ರಿ ಪೂರಾ ಇಳೀತೈತಿ ಆಯಿ! ರೊಟ್ಟಿ ಬಿಡಾಕ ಯಾರ ಹೇಳಿದ್ರು?"

ಆಯಿ ಬ್ಯಾಂಡೇಜಿನ ಕೈ ಎತ್ತಿ ಅಭಿಮಾನದಿಂದ ನನ್ನನ್ನು ತೋರಿಸಿದಳು. "ನಮ್ಮ ಮಾಸ್ತರು ಬಿಲ್ಲಿ ಹಚ್ಚಿ ನೋಡ್ಯಾರ್ರಿ."

ಡಾಕ್ಟರು ನನ್ನತ್ತ ನೋಡಿದರು. ನಾನು ನೆಲ ನೋಡಿದೆ.

ಸುಟ್ಟ ಗಾಯ ಮಾಗುವಾಗ ಆಕೆಯ ಬೆರಳುಗಳು ಸೊಟ್ಟಗಾದವು. ಮತ್ತೆ ರೊಟ್ಟಿ ಬಡಿಯಲಾಗಲಿಲ್ಲ. ಡಾಕ್ಟರು ಹೇಳಿದರೆಂದು ಹೊಟ್ಟೆ ತುಂಬ ಅನ್ನ ಉಂಡಳು, ರೊಟ್ಟಿ ಮಾತ್ರ ಮುಟ್ಟಲಿಲ್ಲ. ಸೊಸೆ ಬಡಿಯುವುದನ್ನು ನೋಡುತ್ತ ಕೂತಿರುತ್ತಿದ್ದಳು. ನಾನು ಆಯಿಯ ಕೈಯತ್ತ ನೋಡದೆ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದೆ. ಹೀಗೆ ಎರಡು ವರ್ಷ.

ಈ ಮಳೆಗಾಲದಲ್ಲಿ ಎದೆ ಸೋತು ಹಾಸಿಗೆ ಹಿಡಿದಳು. ಮಾತಾಡಿಸಲು ಹೋದೆ.

"ಮಾಸ್ತರ, ಅರ್ಧಾ ರೊಟ್ಟಿ ತಿಂದ್ರ ನಡೀತೈತೇನ್ರಿ? ನಿಮ್ಮ ಬಿಲ್ಲಿ ಏನಂತೈತಿ?"

ಊರಿಗೆಲ್ಲ ರೊಟ್ಟಿ ಉಣಿಸಿದವಳು ಅರ್ಧ ರೊಟ್ಟಿಗೆ ನನ್ನ ಅಪ್ಪಣೆ ಕೇಳುತ್ತಿದ್ದಳು. ಗಾಣ, ಬೆಲ್ಲ, ವಹಿ, ಎಲ್ಲ ಹೇಳಿಬಿಟ್ಟೆ. ಆ ಹುಬ್ಬಿಲ್ಲದ ಮುಖದಲ್ಲಿ ನನಗೆ ಏನೂ ತಿಳಿಯಲಿಲ್ಲ. ಆಮೇಲೆ ಸೊಸೆಯನ್ನು ಕೂಗಿದಳು.

"ಕೇಳಿದೇನ ಬೇ? ನಮ್ಮ ರೊಟ್ಟಿದ ಏನೂ ತಪ್ಪಿಲ್ಲಂತ! ಒಂದ ಬಿಸೀದ ತಾ."

ಅರ್ಧ ತಾನು ತಿಂದಳು. ಉಳಿದರ್ಧವನ್ನು ಸೊಟ್ಟ ಬೆರಳುಗಳಲ್ಲಿ ಹಿಡಿದು ನನ್ನ ಕೈಗಿಟ್ಟಳು. "ತಿನ್ರಿ, ಆರತೈತಿ. ಮತ್ತ ಇದನ್ನರೆ ವಹ್ಯಾಗ ಬರಕೋರಿ."

ಬೈದಿದ್ದರೆ ಹಗುರಾಗುತ್ತಿದ್ದೆ. ನಾಲ್ಕನೆಯ ದಿನ ಆಯಿ ಹೋದಳು.

ಮಣ್ಣು ಕೊಟ್ಟು ಬಂದು ಹಳೆಯ ವಹಿ ತೆರೆದೆ. ಮೊದಲ ವಾರದ ಏಳೂ ದಿನಗಳ ಕೆಳಗೆ 'ಗಾಣದ ಬೆಲ್ಲ' ಎಂದು ಬರೆದೆ. ಆ ಎರಡು ಶಬ್ದ ಬರೆಯಲು ನನಗೆ ಎರಡು ವರ್ಷ ಬೇಕಾಯಿತು, ಆಯಿಯ ಬಲಗೈಯೂ ಬೇಕಾಯಿತು.